ಕಬಾಬ್ ಹಸಿ, ಬಿಲ್ ಮಾತ್ರ ಬಿಸಿ

ನಮ್ಮ ಏರಿಯಾದ ಬಾರ್ ಅಂಡ್ ರೆಸ್ಟೋರೆಂಟ್‌ನವರಿಗೆ ಗಿರಾಕಿ ಅಂದ್ರೆ ಅಷ್ಟೊಂದು ಸಸಾರನಾ? ಬೋರ್ಡ್ ಮೇಲೆ ‘ಫ್ಯಾಮಿಲಿ’ ಅಂತ ದೊಡ್ಡದಾಗಿ ಬರೆಸಿದ್ದಾರೆ, ಆದರೆ ಮನೆಯವರನ್ನು ಕರೆದುಕೊಂಡು ಹೋದರೆ ಟೇಬಲ್ ಒರೆಸೋಕೂ ಯಾರೂ ಬರುವುದಿಲ್ಲ. ಬಿಯರ್ ತಣ್ಣಗಿರುವುದಿಲ್ಲ. ಕೇಳಿದರೆ ‘ಈಗಷ್ಟೇ ಫ್ರಿಜ್‌ಗೆ ಇಟ್ಟಿದ್ದು ಸಾರ್’ ಅಂತಾರೆ, ಯಾವಾಗ ಹೋದರೂ ಇದೇ ಉತ್ತರ.

ಕಬಾಬ್ ಅಂತೂ ಕೇಳಲೇಬೇಡಿ. ಹೊರಗೆ ಗರಿಗರಿ, ಮುರಿದರೆ ಮೂಳೆ ಹತ್ತಿರ ಇನ್ನೂ ಹಸಿ. ವಾಪಸ್ ಕಳಿಸಿದರೆ ಅದೇ ತುಂಡುಗಳನ್ನು, ನಾವು ಕಚ್ಚಿದ್ದೂ ಸೇರಿಸಿ, ಮತ್ತೆ ಎಣ್ಣೆಗೆ ಹಾಕಿ ಮೇಲೆ ಎರಡು ಎಸಳು ಕರಿಬೇವು ಉದುರಿಸಿ ತಂದಿಡುತ್ತಾರೆ. ಬೆರಳಿಗೆ ಅಂಟಿದ ಕೆಂಪು ಬಣ್ಣ ಸೋಪು ಹಾಕಿ ತೊಳೆದರೂ ಹೋಗಲ್ಲ. ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಜೂನ್‌ನಲ್ಲೇ ಕರ್ನಾಟಕ ಸರ್ಕಾರ ನಿಷೇಧ ಮಾಡಿದೆ ಅಲ್ವಾ? ಅಡುಗೆಮನೆಗೆ ಆ ಸುದ್ದಿ ಮುಟ್ಟಿಲ್ಲವಾ?

ಇಷ್ಟೆಲ್ಲಾ ಆದಮೇಲೆ ಬಿಲ್‌ನಲ್ಲಿ ಸುಮ್ನೆ ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ. ಹೀಗೆ ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಾನು ಹಾಗಂದಿದ್ದಕ್ಕೆ ಕ್ಯಾಷಿಯರ್ ‘ಎಲ್ಲರೂ ಕೊಡ್ತಾರೆ ಸಾರ್, ನಿಮ್ಮದೇನು ಜಾಸ್ತಿ?’ ಅಂತ ನಾಲ್ಕು ಟೇಬಲ್‌ಗೆ ಕೇಳೋ ಹಾಗೆ ಅಂದ.

ಸಪ್ಲೈಯರ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಟಿಪ್ಸ್ ಕೈಗೇ ಕೊಟ್ಟು ಬರುತ್ತೇನೆ. ಸಿಟ್ಟು ಇರೋದು ಓನರ್ ಮೇಲೆ. ಮುಂದಿನ ಸಲ ಬಿಲ್‌ನಲ್ಲಿ ಆ ಸರ್ವಿಸ್ ಚಾರ್ಜ್ ಸಾಲು ಕಂಡರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.