ಸತ್ಯಾಂಶ: ಯುದ್ಧದಲ್ಲಿ ಯಾವ ಮೋಸವೂ ನಡೆಯುತ್ತಾ?

‘ಯುದ್ಧದಲ್ಲಿ ಎಲ್ಲ ಮೋಸವೂ ಸರಿ, ಮಿತ್ರರೂ ಮೆಚ್ಚುತ್ತಾರೆ’ ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ಸತ್ಯ. ಎರಡನೇ ಮಹಾಯುದ್ಧದ ವೇಳೆ, 1944ರಲ್ಲಿ, ಬ್ರಿಟನ್-ಅಮೆರಿಕ ಕಡೆಯ ಮಿತ್ರಪಡೆಗಳು ಗಾಳಿ ತುಂಬಿದ ರಬ್ಬರ್ ಟ್ಯಾಂಕ್ ನಿಲ್ಲಿಸಿ ಜರ್ಮನ್ನರನ್ನು ಯಾಮಾರಿಸಿದವು. ಅದು ತಂತ್ರ, ತಪ್ಪಲ್ಲ. ಆದರೆ ಬಿಳಿ ಬಾವುಟ ಹಿಡಿದು, ಮಾತಿಗೆ ಬಂದವರಂತೆ ನಟಿಸಿ ಕೊಲ್ಲುವುದನ್ನು ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್ ನಿಷೇಧಿಸಿದೆ. ಇಲ್ಲದಿದ್ದರೆ ನಾಳೆ ನಿಜವಾಗಿ ಬಾವುಟ ಎತ್ತಿದವನನ್ನೂ ಯಾರೂ ನಂಬಲ್ಲ, ಅಲ್ವಾ?

ಇನ್ನು ಮಿತ್ರರ ಮೆಚ್ಚುಗೆ. 1980ರ ದಶಕದಲ್ಲಿ ಅಮೆರಿಕ, ಇರಾನಿಗೆ ಶಸ್ತ್ರಾಸ್ತ್ರ ಮಾರಬೇಡಿ ಎಂದು ಮಿತ್ರದೇಶಗಳಿಗೆ ಹೇಳುತ್ತಲೇ ಇತ್ತು. ಆದರೆ ಲೆಬನಾನಿನಲ್ಲಿ ಇರಾನ್ ಬೆಂಬಲಿತ ಗುಂಪುಗಳು ಹಿಡಿದಿಟ್ಟಿದ್ದ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಲು ತಾನೇ ಗುಟ್ಟಾಗಿ ಇರಾನಿಗೆ ಕ್ಷಿಪಣಿ ಮಾರಿತು. 1986ರ ನವೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಇಲ್ಲಿ ಮೋಸ ಹೋಗಿದ್ದು ಶತ್ರುವಲ್ಲ, ಗೆಳೆಯರು. ಮೆಚ್ಚುಗೆ ಬಿಡಿ, ಮುಜುಗರವೇ ಜಾಸ್ತಿ. ಕೆಲವು ಒತ್ತೆಯಾಳುಗಳು ಬಿಡುಗಡೆಯಾದರು ನಿಜ. ಅದೇ ವರ್ಷ ಬೇರೆ ಅಮೆರಿಕನ್ನರ ಅಪಹರಣವೂ ಆಯಿತು.