ಸ್ಪಷ್ಟನೆ: ಕೆಜಿಎಫ್ ಗಣಿ ಯಾರದೂ ಅಲ್ಲದ ಜಾಗ ಅಲ್ಲ

"ಕೆಜಿಎಫ್ ಗಣಿ ಮುಚ್ಚಿದೆ, ಮಾಲೀಕರಿಲ್ಲ, ಅಪಾಯವೂ ಇಲ್ಲ, ಯಾರು ಬೇಕಾದರೂ ಒಳಗೆ ಹೋಗಿ ಫೋಟೊ ತೆಗೀಬಹುದು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಇದರಲ್ಲಿ ಮೊದಲ ಮಾತು ಮಾತ್ರ ನಿಜ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೂ ಚಿನ್ನ ಪೂರ್ತಿ ಖಾಲಿಯಾಗಿ ಅಲ್ಲ, ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಗಿಂತ ಜಾಸ್ತಿಯಾಗಿ. ಮಾಲೀಕರು ಇದ್ದಾರೆ: ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್. ಬೀಗ ಮುರಿದಿದ್ದರೂ ಅನುಮತಿ ಇಲ್ಲದೆ ಒಳಗೆ ನುಗ್ಗಿದರೆ ಅದು ಅತಿಕ್ರಮ ಪ್ರವೇಶವೇ.

ಅಪಾಯ ಇಲ್ವಂತೆ! ಇಲ್ಲಿನ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿದ್ದ ಗಣಿ, ಪಂಪ್ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಗಣಿಯ ಬಾಯಿಗೆ ಮುಚ್ಚಿದ ತುಕ್ಕು ಹಿಡಿದ ತಗಡು ನೋಡೋಕೆ ಗಟ್ಟಿಯಾಗಿರುತ್ತೆ, ಕಾಲಿಟ್ಟರೆ ಕುಸಿಯುತ್ತೆ. ಇನ್ನು ರೀಲ್ಸ್‌ನಲ್ಲಿ ಮರಳುಗುಡ್ಡ ಅಂತ ತೋರಿಸ್ತಾರಲ್ಲ, ಆ ದಿಬ್ಬಗಳು ಅದಿರನ್ನು ಪುಡಿ ಮಾಡಿ, ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಕಸ. ಗಾಳಿ ಬೀಸಿದರೆ ಆ ನುಣ್ಣನೆ ದೂಳು ಊರೊಳಗೆ ಹಾರಿ ಬರುತ್ತೆ. ಅದರ ಮೇಲೆ ಕೂತು ಬುತ್ತಿ ಬಿಚ್ಚೋರೂ ಇದ್ದಾರೆ, ಏನು ಹೇಳೋಣ.

ಶಾಫ್ಟ್ (ಗಣಿಗೆ ಇಳಿಯುವ ಬಾವಿಯಂಥ ಗುಂಡಿ) ಮೇಲಿನ ಕಬ್ಬಿಣದ ಗೋಪುರದ ಚಿತ್ರ ಬೇಕಂದ್ರೆ ದೂರದಿಂದ ಝೂಮ್ ಲೆನ್ಸ್‌ನಲ್ಲಿ ತೆಗೀರಿ. ಒಳಗೇ ಹೋಗಬೇಕಾದರೆ ಕಂಪನಿಗೆ ಬರೆದು ಅನುಮತಿ ಕೇಳಿ.