ನಗೋರು ನಗ್ತಾ ಇರಿ, ಅವತ್ತು ರಾತ್ರಿ ಟ್ರ್ಯಾಕ್ಟರ್ ಹತ್ತಿದ್ದು ನಮ್ಮವ್ವ

ಮೊನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಣ ಅಂತ ಹೋಗಿದ್ದೆ. ಪಕ್ಕದ ಬೆಂಚಿನಲ್ಲಿ ನಮ್ಮ ಬೀದಿಯವರೇ ನಾಲ್ಕು ಜನ. ಒಬ್ಬ ಮೂಗಿಗೆ ಟವೆಲ್ ಕಟ್ಟಿಕೊಂಡು "ಗ್ಯಾಸ್ ಬಂತು, ಓಡ್ರಪ್ಪೋ" ಅಂತ ಕುಣಿಯುತ್ತಿದ್ದ. ಉಳಿದವರಿಗೆ ನಗು ತಡೆಯೋಕೆ ಆಗುತ್ತಿರಲಿಲ್ಲ. ನನ್ನನ್ನು ನೋಡಿದವನೇ ಒಬ್ಬ, "ಅಕ್ಕಾ, ನಿಮ್ಮ ತವರಿನ ಕಡೆಯೋರೇ ಅಂತಲ್ಲ? ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿತಂತೆ" ಅಂದ. ದುಡ್ಡು ಕೊಟ್ಟು, ಮಿರ್ಚಿ ಅಲ್ಲೇ ಬಿಟ್ಟು ಎದ್ದು ಬಂದೆ.

ಹೌದು, ನಮ್ಮ ತವರಿನೋರೇ. ವಿಷಗಾಳಿ ಬಂತು ಅನ್ನೋ ಸುಳ್ಳು ವಾಟ್ಸಾಪ್ ವಿಡಿಯೋ ನಂಬಿ, ರಾತ್ರೋರಾತ್ರಿ ಊರು ಬಿಟ್ಟು ಓಡಿದೋರು. ಆ ಟ್ರೇಲರ್‌ನಲ್ಲಿ ಹುಲ್ಲಿನ ಮೇಲೆ ಕೂತಿದ್ದು ನಮ್ಮವ್ವ. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು. ಅವಳನ್ನು ಎತ್ತಿ ಕೂರಿಸೋಕೆ ಮೂರು ಜನ ಬೇಕಾಯಿತಂತೆ. ಇದರಲ್ಲಿ ನಗೋಕೆ ಏನಿದೆ ಅಂತ ಯಾರಾದರೂ ನನಗೆ ಹೇಳಿ.

ಅವತ್ತು ರಾತ್ರಿ ಒಂಬತ್ತೂವರೆಗೆ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಒಂದು ಮಿಲಿಟರಿ ಗೇಟು. ಮೈತುಂಬಾ ಬಿಳಿ ಸೂಟು, ಮುಖಕ್ಕೆ ಮಾಸ್ಕು ಹಾಕಿಕೊಂಡ ಜನ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಆಂಬುಲೆನ್ಸ್ ದೀಪ. ಕೆಳಗೆ ಕನ್ನಡದಲ್ಲಿ ಬರಹ: ಚಳ್ಳಕೆರೆ ಹತ್ತಿರ ಮಿಲಿಟರಿ ಜಾಗದಲ್ಲಿ ವಿಷಗಾಳಿ ಸೋರಿಕೆ, 20 ಕಿಲೋಮೀಟರ್ ಒಳಗಿನವರು ತಕ್ಷಣ ಜಾಗ ಬಿಡಿ, ನಿಮ್ಮವರಿಗೆಲ್ಲ ಕಳಿಸಿ. ಹಾಕಿದವರು ನಮ್ಮ ಬಳಗದಲ್ಲೇ ಹೆಚ್ಚು ಓದಿದವರು. ಪಾಠ ಹೇಳಿ ರಿಟೈರ್ ಆದವರು. ಅವರು ಹಾಕಿದರೆ ಯಾರು ತಾನೇ ನಂಬಲ್ಲ?

ನಾನು ಅದನ್ನು ನೋಡಿದ್ದು ಹತ್ತೂವರೆಗೆ, ಅಣ್ಣನ ಫೋನ್ ಬಂದ ಮೇಲೆ. ದಾವಣಗೆರೆಯಲ್ಲಿ ಮನೆಯ ಫ್ಯಾನ್ ಕೆಳಗೆ ಕೂತು, ಕನ್ನಡಕ ಹಾಕಿಕೊಂಡು, ಮೂರು ಸಲ ನೋಡಿದೆ. ಕಾರುಗಳ ಸ್ಟೀರಿಂಗ್ ಎಡಗಡೆಗಿದೆ. ರಸ್ತೆ ಬದಿಯಲ್ಲಿ ಹಿಮದ ಗುಡ್ಡೆ! ಚಳ್ಳಕೆರೆಯಲ್ಲಿ ಮಳೆ ಬೀಳೋದೇ ಕಷ್ಟ ಮಾರಾಯರೇ, ಹಿಮ ಎಲ್ಲಿಂದ ಬರಬೇಕು? ಹೊರದೇಶದ ಯಾವುದೋ ಸೇನಾ ನೆಲೆಯ ವಿಡಿಯೋಗೆ ನಮ್ಮೂರಿನ ಹೆಸರು ಅಂಟಿಸಿದ್ದಾರೆ.

ಆದರೆ ಊರಲ್ಲಿ ಒಡೆದ ಸ್ಕ್ರೀನಿನ ಫೋನಿನಲ್ಲಿ, ಕರೆಂಟ್ ಬೇರೆ ಇಲ್ಲದ ಹೊತ್ತಲ್ಲಿ, ಹಿಮ ಯಾರಿಗೆ ಕಾಣುತ್ತೆ? ಅದರ ಮೇಲೆ ನಿಜವಾಗಿಯೂ ವಾಸನೆ ಇತ್ತು. ಊರಿನ ಪಡುವಣಕ್ಕೆ ಇರೋ ದಾಳಿಂಬೆ ತೋಟಕ್ಕೆ ಅವತ್ತು ಸಂಜೆ ಔಷಧಿ ಹೊಡೆದಿದ್ದರು. ಆಷಾಢದ ಗಾಳಿ ಅದನ್ನು ಸೀದಾ ಊರೊಳಗೆ ತಂದು ಸುರಿದಿದೆ. ದಿನಾ ಬರೋ ವಾಸನೆಯೇ. ವಿಡಿಯೋ ನೋಡಿದ ಮೇಲೆ ಅದೇ ವಾಸನೆಗೆ ಕಣ್ಣು ಉರಿಯಿತು, ಗಂಟಲು ಕಟ್ಟಿತು. ಅತ್ತಿಗೆ ಮಗುವಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಅಳುತ್ತಿದ್ದಳು ಅಂತ ಅಣ್ಣ ಹೇಳಿದ.

ಅವರಿಗೆ ಅಷ್ಟು ಬೇಗ ನಂಬಿಕೆ ಯಾಕೆ ಬಂತು ಅಂತ ಈ ಮಂಡಕ್ಕಿ ಅಂಗಡಿ ಪಂಡಿತರು ಒಂದು ಸಲ ಯೋಚಿಸಬೇಕಿತ್ತು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ನಾವು ಚಿಕ್ಕವರಿದ್ದಾಗ ಕುರಿ ಮೇಯುತ್ತಿದ್ದವು. ಆಮೇಲೆ ಅಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು, ಗೋಡೆ ಎದ್ದಿತು. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುವ ಜಾಗ 2017ರಲ್ಲಿ ಉದ್ಘಾಟನೆ ಆಯಿತು. 2019ರಲ್ಲಿ ಅಂಥ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರಲ್ಲಿ ಇನ್ನೊಂದು ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಆಗ ಜನ ಓಡಿ ಹೋಗಲಿಲ್ಲ, ಓಡಿ ಬಂದರು, ಫೋನ್ ಹಿಡಿದುಕೊಂಡು. ಆಗಲೂ ಇವರೇ ನಕ್ಕರು, ಬುದ್ಧಿ ಇಲ್ಲದೋರು ಬಿದ್ದ ವಿಮಾನದ ಹತ್ತಿರ ಹೋಗ್ತಾರಲ್ಲ ಅಂತ. ಹತ್ತಿರ ಹೋದರೂ ನಗು, ದೂರ ಓಡಿದರೂ ನಗು. ಅವತ್ತು ರಾತ್ರಿ ಆ ಗೋಡೆಯ ಒಳಗೆ ಏನೂ ಆಗಿರಲಿಲ್ಲ, ಅದು ಸತ್ಯ. ಆದರೆ ಆಕಾಶದಿಂದ ಹೊಲಕ್ಕೆ ವಿಮಾನ ಬಿದ್ದಿದ್ದನ್ನು ಕಂಡ ಕಡೆಯ ಜನಕ್ಕೆ ಗಾಳಿಯೂ ಬಂದಿರಬಹುದು ಅನ್ನಿಸೋದು ದಡ್ಡತನ ಅಲ್ಲ.

ನನ್ನ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಅಣ್ಣನಿಗೆ ಇದು ಸುಳ್ಳು ಅಂತ ಹೇಳೋಕೆ ಮುಂಚೆ ಒಂದು ಸಲ ಖಾತ್ರಿ ಮಾಡಿಕೊಳ್ಳೋಣ ಅಂತ, ತುರ್ತು ಇದ್ದರೆ ಕರೆ ಮಾಡಿ ಅಂತ ಒಂದು ಕಚೇರಿಯವರು ಕೊಟ್ಟಿರೋ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಆಯಿತು, ಕಟ್ ಆಯಿತು. ಆರನೇ ಸಲ ಒಬ್ಬರು ಎತ್ತಿದರು. ನಿದ್ದೆಗಣ್ಣಿನ ದನಿ. ಅವರು ಹೇಳಿದ ಮಾತನ್ನು ಹಾಗೇ ಬರೀತೀನಿ: "ನಮಗೂ ವಾಟ್ಸಾಪಲ್ಲೇ ಬಂದಿದೆ ಮೇಡಂ. ನಿಮಗೇನಾದ್ರೂ ಗೊತ್ತಾದ್ರೆ ನಮಗೂ ಹೇಳಿ."

ಆಹಾ! ನಾನು ಅವರಿಗೆ ಹೇಳಬೇಕಂತೆ.

ಮಾರನೇ ದಿನ ಹನ್ನೊಂದು ಗಂಟೆ ಆದಮೇಲೆ, ಇದು ಸುಳ್ಳು ಸುದ್ದಿ, ಹರಡಿದವರ ಮೇಲೆ ಕ್ರಮ ಅಂತ ಒಂದು ಸಾಲು ಬಂತು. ಅದೂ ವಾಟ್ಸಾಪಲ್ಲೇ. ಅದೇ ಸಾಲನ್ನು ರಾತ್ರಿ ಹತ್ತಕ್ಕೆ ಹಾಕಿದ್ದರೆ ನಮ್ಮವ್ವ ಹಾಸಿಗೆಯಲ್ಲಿ ಮಲಗಿರುತ್ತಿದ್ದಳು.

ಇನ್ನು ಓಡಿದ ದಿಕ್ಕು ಕೇಳಿ. ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತಿತ್ತು. ಇವರು ಓಡಿದ್ದೂ ಮೂಡಣಕ್ಕೆ, ರಸ್ತೆ ಇರೋದು ಆ ಕಡೆಗೇ ಅಂತ. ನಿಜವಾಗಿ ವಿಷಗಾಳಿ ಬಂದಿದ್ದರೆ ಅದೂ ಇವರ ಜೊತೆ ಜೊತೆಗೇ ಬರುತ್ತಿತ್ತು. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಕಾರ್ಖಾನೆಯಿಂದ ವಿಷದ ಗ್ಯಾಸ್ ಸೋರಿದಾಗ ಎಷ್ಟೋ ಜನಕ್ಕೆ ಆಗಿದ್ದು ಇದೇ. ಆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಗಾಳಿ ಹೋಗೋ ಕಡೆಗೇ ಓಡಿದವರು ಏದುಸಿರು ಬಿಡುತ್ತಾ ಅದನ್ನು ಇನ್ನೂ ಜಾಸ್ತಿ ಎಳೆದುಕೊಂಡರು. ಗಾಳಿ ಬೀಸೋ ದಿಕ್ಕಿಗೆ ಅಡ್ಡಲಾಗಿ ಪಕ್ಕಕ್ಕೆ ಹೋಗಬೇಕು, ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಆ ಜನಕ್ಕೆ ಯಾರೂ ಹೇಳಿರಲಿಲ್ಲ. 2020ರ ಮೇನಲ್ಲಿ ವಿಶಾಖಪಟ್ಟಣದ ಫ್ಯಾಕ್ಟರಿಯಿಂದ ಬೆಳಗಿನ ಜಾವ ಸ್ಟೈರೀನ್ ಅನ್ನೋ ವಿಷದ ರಾಸಾಯನಿಕ ಸೋರಿದಾಗ ಸೈರನ್ ಇತ್ತು, ಕೂಗಲೇ ಇಲ್ಲ. ಭೋಪಾಲ್ ಆದಮೇಲೆ 1989ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಅಪಾಯದ ರಾಸಾಯನಿಕ ಇಟ್ಟುಕೊಂಡ ಕಾರ್ಖಾನೆ ಸುತ್ತಲಿನ ಜನಕ್ಕೆ ಮೊದಲೇ ತಿಳಿಸಿ ಹೇಳಬೇಕು, ಅಣಕು ಪ್ರದರ್ಶನ ಮಾಡಬೇಕು ಅಂತೆಲ್ಲ ಅದರಲ್ಲಿದೆ.

ನಮಗೆ ಯಾರು ಏನು ಹೇಳಿದ್ದಾರೆ? ನಮ್ಮ ಮನೆ ಟೆರೇಸಿನಿಂದ ಹೈವೇ 48 ಕಾಣುತ್ತೆ. ಹಗಲೂ ರಾತ್ರಿ ಟ್ಯಾಂಕರ್‌ಗಳು. ಹಿಂದೆ ಒಂದು ಪಟ್ಟಿ ಅಂಟಿಸಿ ನಾಲ್ಕು ಅಂಕಿ ಬರೆದಿರುತ್ತಾರೆ. 1017 ಅಂದರೆ ಕ್ಲೋರಿನ್, 1005 ಅಂದರೆ ಅಮೋನಿಯಾ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತೆ, ಅದಕ್ಕೆ ಎತ್ತರಕ್ಕೆ ಹೋಗಬೇಕು. ಇಷ್ಟು ತಿಳಿಯೋಕೆ ನನಗೆ ನಲವತ್ತಾರು ವರ್ಷ ಬೇಕಾಯಿತು, ಅದೂ ಈ ಗಲಾಟೆ ಆದಮೇಲೆ ಹಟಕ್ಕೆ ಬಿದ್ದು ಓದಿದ್ದಕ್ಕೆ.

ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. "ಸರ್ಕಾರದೋರು ಹೇಳೋವರೆಗೆ ಸುಮ್ನೆ ಇರಬೇಕಿತ್ತು ಚಿಕ್ಕಮ್ಮ" ಅಂತ ನನಗೆ ಬುದ್ಧಿ ಹೇಳೋಕೆ ಬಂದ. ಅಮೆರಿಕದ ಹವಾಯಿ ದ್ವೀಪದ ಕಥೆ ಓದಪ್ಪ ಅಂದೆ. 2021ರ ನವೆಂಬರಿನಲ್ಲಿ ಅಲ್ಲಿನ ಪರ್ಲ್ ಹಾರ್ಬರ್ ನೌಕಾನೆಲೆಯ ಮನೆಗಳ ನಲ್ಲಿ ನೀರಿಗೆ ವಿಮಾನದ ಇಂಧನ ಸೇರಿಕೊಂಡಿತ್ತು. ಸುಮಾರು 93,000 ಜನ ಬಳಸುವ ನೀರು. ನೀರು ಸೀಮೆಎಣ್ಣೆ ಥರ ನಾರುತ್ತಿದೆ, ಮಕ್ಕಳಿಗೆ ವಾಂತಿ ಅಂತ ಹೆಂಗಸರು ಬಾಯಿ ಬಡಿದುಕೊಂಡರು. ನೆಲೆಯ ಮುಖ್ಯಸ್ಥರು, ನಾವೂ ಇದೇ ನೀರು ಕುಡಿಯುತ್ತಿದ್ದೇವೆ ಅಂತ ಬರೆದರು. ಆಮೇಲೆ ಪರೀಕ್ಷೆಯಲ್ಲಿ ಇಂಧನ ಸಿಕ್ಕಿತು, ಅವರು ಕ್ಷಮೆ ಕೇಳಿದರು, ಸಾವಿರಾರು ಕುಟುಂಬ ಹೋಟೆಲಿಗೆ ಹೋಗಬೇಕಾಯಿತು. ಅಲ್ಲಿ ಹೆದರಿದ ಹೆಂಗಸರು ಹೇಳಿದ್ದೇ ಸರಿ ಇತ್ತು. ಹುಡುಗ ಮಾತಾಡದೆ ಬೆಣ್ಣೆ ದೋಸೆ ತಿಂದು ಹೋದ.

ವಿಡಿಯೋ ಹಾಕಿದ ಮಹನೀಯರಿಗೂ ಫೋನ್ ಮಾಡಿದ್ದೆ. ಅಷ್ಟರಲ್ಲಿ ಅದನ್ನು ಎಲ್ಲರಿಗೂ ಕಾಣದ ಹಾಗೆ ಅಳಿಸಿದ್ದರು. "ನನಗೆ ಬಂದಿದ್ದನ್ನ ಹಾಗೇ ಕಳಿಸಿದೆ ಕಣಮ್ಮ, ಮುನ್ನೆಚ್ಚರಿಕೆ ಇರಲಿ ಅಂತ" ಅಂದರು. ಮಾವ, ನಿಮ್ಮ ಮುನ್ನೆಚ್ಚರಿಕೆಗೆ ನಮ್ಮಣ್ಣ ರಾತ್ರಿಯೆಲ್ಲ ಹೊಲದ ಬದುವಿನ ಮೇಲೆ ಕೂತಿದ್ದ, ಕಟ್ಟಿದ ಹಸು ಹಗ್ಗ ಎಳೆದಾಡಿ ಕುತ್ತಿಗೆ ಗಾಯ ಮಾಡಿಕೊಂಡಿದೆ, ಡಾಕ್ಟರಿಗೆ 800 ರೂಪಾಯಿ ಆಯಿತು, ಯಾರು ಕೊಡ್ತೀರಿ ಅಂದೆ. ಸಿಗ್ನಲ್ ಇಲ್ಲ ಅಂದರು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಅದೇ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯ ಹಾಕೋವಾಗ ಮಾತ್ರ ಸಿಗ್ನಲ್ ಚೆನ್ನಾಗಿತ್ತು.

ನಿನ್ನೆ ಅವ್ವನ ಹತ್ತಿರ ಮಾತಾಡಿದೆ. ಊರಿನ ಹುಡುಗರೂ ಈಗ ಅವಳನ್ನು ಕಂಡರೆ ಮೂಗು ಮುಚ್ಚಿಕೊಂಡು ನಗುತ್ತಾರಂತೆ. ಹಸುವಿನ ಗಾಯಕ್ಕೆ ಅರಿಶಿನ ಹಚ್ಚುತ್ತಾ ಮಾತಾಡುತ್ತಿದ್ದಳು.

"ಇನ್ನು ಯಾವನೇ ಬಂದು ಬಾಗಿಲು ಬಡೀಲಿ, ನಾನು ಏಳಾಕಿಲ್ಲ ಕಣೇ. ಎಲ್ಲಾರ ಕೈಲಿ ನಗಿಸ್ಕಂಡಿದ್ದು ಸಾಕು."

ಹಂಗನ್ನಬೇಡ ಅವ್ವಾ ಅಂದೆ. ಅವಳು ಆಗಲೇ ಫೋನನ್ನು ಅತ್ತಿಗೆ ಕೈಗೆ ಕೊಟ್ಟಿದ್ದಳು.